ಹುಳಿಮಾವಿನ ಹುಡುಗ ಯಾರ ಆಟಗಾರ?

ಭಾನುವಾರ ಬೆಳಗ್ಗೆ ಆರೂಕಾಲು. ಬನ್ನೇರುಘಟ್ಟ ರಸ್ತೆಯ ಮೆಟ್ರೊ ಕಂಬಗಳ ಕೆಳಗೆ ವಾಹನಗಳ ಓಡಾಟ ಇನ್ನೂ ಶುರುವಾಗಿಲ್ಲ. ಹುಳಿಮಾವಿನ ಒಳರಸ್ತೆಯಲ್ಲಿ ಎರಡು ಅಪಾರ್ಟ್‌ಮೆಂಟುಗಳ ನಡುವೆ ಉಳಿದಿದ್ದ ಖಾಲಿ ಸೈಟಿಗೆ ಯಾರೋ ಹಸಿರು ಟರ್ಫ್ ಹಾಸಿ, ಸುತ್ತ ಬಲೆ ಕಟ್ಟಿ, ನಾಲ್ಕು ಮೂಲೆಗೂ ದೀಪ ನಿಲ್ಲಿಸಿದ್ದಾರೆ. ಒಳಗೆ ಇಪ್ಪತ್ತು ಮಕ್ಕಳು, ಒಬ್ಬರು ಕೋಚ್, ಒಂದು ಸೀಟಿ. ಹೊರಗೆ ಫ್ಲಾಸ್ಕ್ ಹಿಡಿದ ತಾಯಂದಿರು, ಸ್ಕೂಟರಿನ ಮೇಲೆ ಕುಳಿತೇ ತೂಕಡಿಸುವ ತಂದೆಯರು.

ನಮ್ಮ ಪಕ್ಕದ ಮನೆಯವರು ಅರೆಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವರು. ಅವರ ಮಗನಿಗೆ ಈಗ ಹದಿನಾಲ್ಕು. ಏಳನೇ ವಯಸ್ಸಿನಿಂದ ಇದೇ ಬಲೆಯೊಳಗೆ ಬೆಳೆದ ಎಡಗಾಲಿನ ಹುಡುಗ. ಅಂದು ಅವರು ಫೋನನ್ನು ನನ್ನ ಮುಂದೆ ಹಿಡಿದರು. "ನೋಡಿ ಸಾರ್, ಇಬ್ರೂ ಮುಂದಿನ ಭಾನುವಾರಾನೇ ಟ್ರಯಲ್ಸ್‌ಗೆ ಬಾ ಅಂತಿದಾರೆ. ಒಬ್ರು ನಮ್ಮ ಬೆಂಗಳೂರು ಲೀಗ್ ಆಡೋ ಕ್ಲಬ್ಬಿನವ್ರು. ಇನ್ನೊಬ್ರು ಆಲ್ ಇಂಡಿಯಾ ಯೂತ್ ಲೀಗ್ ಆಡಿಸ್ತೀವಿ ಅಂತಾರೆ. ಸ್ಕೂಲಿನ ಪಿ.ಟಿ. ಮೇಷ್ಟ್ರು ಸುಬ್ರತೊ ಕಪ್ಪಿಗೆ ಬಿಟ್ಟುಕೊಡಲ್ಲ ಅಂತಿದಾರೆ. ಯಾರಿಗೆ ಹೂಂ ಅನ್ಲಿ?"

ಆ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಹದಿನಾಲ್ಕರ ಹುಡುಗನನ್ನು ಮೂರು ದಿಕ್ಕಿನಿಂದ ಎಳೆಯುವ ಈ ಹಗ್ಗ ಎಲ್ಲಿಂದ ಬಂತು ಎಂಬುದು ತಿಳಿಯದೆ ಉತ್ತರ ಹೇಳಲೂಬಾರದು.

ಸುಬ್ರತೊ ಕಪ್ 1960ರಿಂದ ನಡೆದುಬಂದ ಶಾಲೆಗಳ ಪಂದ್ಯಾವಳಿ. ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಲೀಗ್, ಅಂದರೆ ಎಲ್ಲರ ಬಾಯಲ್ಲೂ ಇರುವ ಬಿಡಿಎಫ್‌ಎ ಲೀಗ್, ಸಿ ಡಿವಿಷನ್ನಿನಿಂದ ಸೂಪರ್ ಡಿವಿಷನ್ನಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ನಗರದ ಹಳೆಯ ಏಣಿ. ಇವೆರಡಕ್ಕೂ ಯಾವತ್ತೂ ಜಗಳವಿರಲಿಲ್ಲ. ಹುಡುಗ ಬೆಳಗ್ಗೆ ಶಾಲೆಗೆ ಆಡಿ ಸಂಜೆ ಕ್ಲಬ್ಬಿಗೆ ಆಡುತ್ತಿದ್ದ. ಲೆಕ್ಕ ಬದಲಾದದ್ದು 2010ರ ಡಿಸೆಂಬರಿನಲ್ಲಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆಟದ ವಾಣಿಜ್ಯ ಹಕ್ಕುಗಳನ್ನು 700 ಕೋಟಿ ರೂಪಾಯಿಗೆ 15 ವರ್ಷಗಳ ಅವಧಿಗೆ ಐಎಂಜಿ-ರಿಲಯನ್ಸ್ ಕೈಗಿಟ್ಟಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಹುಟ್ಟಿತು, ಅಲ್ಲಿಯವರೆಗೆ ದೇಶದ ದೊಡ್ಡ ಲೀಗಾಗಿದ್ದ ಐ-ಲೀಗ್ ಪಕ್ಕಕ್ಕೆ ಸರಿಯಿತು. 2013ರಲ್ಲಿ ಶುರುವಾಗಿ ಮೊದಲ ವರ್ಷವೇ ಐ-ಲೀಗ್ ಗೆದ್ದಿದ್ದ ನಮ್ಮ ಬೆಂಗಳೂರು ಎಫ್‌ಸಿ ಕೂಡ 2017ರಲ್ಲಿ ಆ ಕಡೆಗೆ ದಾಟಿತು.

ದೊಡ್ಡವರ ಲೀಗುಗಳು ಎರಡಾದ ಮೇಲೆ ಹುಡುಗರ ದಾರಿಯೂ ಕವಲೊಡೆಯಿತು. ಫೆಡರೇಷನ್ ಅದಕ್ಕೂ ಮೊದಲೇ ತನ್ನ ಭರವಸೆಯ ಹುಡುಗರಿಗಾಗಿ 'ಇಂಡಿಯನ್ ಆ್ಯರೋಸ್' ಎಂಬ ತಂಡವನ್ನೇ ಕಟ್ಟಿ ಐ-ಲೀಗಿನಲ್ಲಿ ಆಡಿಸಿತು. 2013ರಲ್ಲಿ ಮುಚ್ಚಿ, 2017ರಲ್ಲಿ ಮತ್ತೆ ತೆರೆದು, 2022ರಲ್ಲಿ ಮತ್ತೆ ಮುಚ್ಚಿತು. ಅದರ ಜಾಗಕ್ಕೆ ವಯೋಮಿತಿಯ ಯೂತ್ ಲೀಗುಗಳನ್ನು ಬಲಪಡಿಸುತ್ತೇವೆ ಎಂದಿತು. ಅದೇ 2022ರಲ್ಲಿ ಗೋವಾದಲ್ಲಿ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಶುರುವಾಯಿತು. ಎಂಟು ತಂಡಗಳ ಆ ಮೊದಲ ಆವೃತ್ತಿಯನ್ನು ಗೆದ್ದದ್ದು ಬೆಂಗಳೂರು ಎಫ್‌ಸಿಯ ಹುಡುಗರು. ಬಹುಮಾನವಾಗಿ ಇಂಗ್ಲೆಂಡಿಗೆ ಹೋಗಿ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಯುವ ತಂಡಗಳೊಡನೆ ಆಡಿ ಬಂದರು. ಮರುವರ್ಷವೂ ಕಪ್ ಅವರದ್ದೇ. ಅಂಥ ವಿಮಾನದ ಚಿತ್ರವೊಂದು ಅರೆಕೆರೆಯ ಹಾರ್ಡ್‌ವೇರ್ ಅಂಗಡಿಯ ಫೋನಿಗೂ ಬರುತ್ತದೆ. ತಂದೆಯ ಎದೆ ಹಾರದೆ ಇರುವುದು ಹೇಗೆ?

ಈ ಎಳೆದಾಟ ನಮ್ಮೂರಿನದಷ್ಟೇ ಅಲ್ಲ. ಮಿಷಿಗನ್ನಿನಲ್ಲಿರುವ ನನ್ನ ಸೋದರಸೊಸೆಯ ಮಗ ಐಸ್ ಹಾಕಿ ಆಡುತ್ತಾನೆ. ಅವಳು ಫೋನ್ ಮಾಡಿದಾಗಲೆಲ್ಲ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಅವರ ಮನೆಯಿಂದ ಕಾರಿನಲ್ಲಿ ಹೋಗುವಷ್ಟು ದೂರದ ಪ್ಲಿಮತ್ ಊರಿನಲ್ಲಿ ಅಮೆರಿಕದ ರಾಷ್ಟ್ರೀಯ ತಂಡದ ತರಬೇತಿ ಕಾರ್ಯಕ್ರಮವಿದೆ. 1996ರಲ್ಲಿ ಶುರುವಾದದ್ದು. ದೇಶದ ಆಯ್ದ ಹದಿಹರೆಯದವರನ್ನು ಒಂದೆಡೆ ಕೂಡಿಸಿ ಯುಎಸ್‌ಎಚ್‌ಎಲ್ ಎಂಬ ಜೂನಿಯರ್ ಲೀಗಿನಲ್ಲಿ ಆಡಿಸುತ್ತಾರೆ. ಥೇಟ್ ನಮ್ಮ ಆ್ಯರೋಸ್ ತರಹ. ಒಂದೇ ವ್ಯತ್ಯಾಸ, ಅವರು ಅದನ್ನು ಮುಚ್ಚಲಿಲ್ಲ. ಅದೇ ಮಿಷಿಗನ್ನಿನ ಸ್ಯಾಜಿನಾ, ಫ್ಲಿಂಟ್ ಊರುಗಳಲ್ಲಿ ಕೆನಡಾದ ಜೂನಿಯರ್ ಲೀಗಿಗೆ ಸೇರಿದ ತಂಡಗಳೂ ಇವೆ. ಮೊದಲೆಲ್ಲ ಆ ಕೆನಡಾ ಲೀಗಿನಲ್ಲಿ ಆಡಿದ ಹುಡುಗನಿಗೆ ಅಮೆರಿಕದ ಕಾಲೇಜು ತಂಡದ ಬಾಗಿಲು ಮುಚ್ಚುತ್ತಿತ್ತು. ಅಲ್ಲಿ ಆಡಿದವನು ವೃತ್ತಿಪರನೆಂದೇ ಲೆಕ್ಕ. ಹಾಗಾಗಿ ಓದು ಬೇಕೆನ್ನುವ ಮನೆಗಳು ಮಕ್ಕಳನ್ನು ಯುಎಸ್‌ಎಚ್‌ಎಲ್‌ನಲ್ಲೇ ಇಟ್ಟುಕೊಳ್ಳುತ್ತಿದ್ದವು. 2024ರ ನವೆಂಬರಿನಲ್ಲಿ ಅಮೆರಿಕದ ಕಾಲೇಜು ಕ್ರೀಡಾ ಮಂಡಳಿ ಆ ನಿಯಮವನ್ನು ತೆಗೆದುಹಾಕಿತು. 2025ರ ಆಗಸ್ಟ್ 1ರಿಂದ ಹೊಸ ವ್ಯವಸ್ಥೆ ಜಾರಿಗೆ ಬಂತು. ಬೇಲಿ ಬಿದ್ದದ್ದೇ ತಡ, ಎರಡೂ ಕಡೆಯವರು ಅದೇ ಹುಡುಗರ ಮನೆ ಬಾಗಿಲಿಗೆ ಬರತೊಡಗಿದರು. "ಮಾವ, ಹುಡುಗನಿಗಿನ್ನೂ ಹದಿನೈದು. ಊಟ ಆದ್ಮೇಲೆ ನಾವು ಮಾತಾಡೋದೆಲ್ಲ ಬರೀ ಲೀಗು" ಎಂದಳು ಸೊಸೆ.

ಅಲ್ಲಿಗೂ ಇಲ್ಲಿಗೂ ಒಂದು ಮಾತು ಸಮಾನ. ಲೀಗುಗಳು 'ಬೆಳೆಸುತ್ತೇವೆ' ಎಂದು ಪೈಪೋಟಿಗೆ ಬೀಳುವುದು ಆಗಲೇ ಅರ್ಧ ಬೆಳೆದ ಹುಡುಗನಿಗಾಗಿ. ಏಳು ವರ್ಷದ, ಬೂಟಿನ ಲೇಸು ಕಟ್ಟಿಕೊಳ್ಳಲೂ ಬಾರದ ಮಗುವಿಗಾಗಿ ಯಾರೂ ಪೈಪೋಟಿ ಮಾಡುವುದಿಲ್ಲ. ಆ ಕೆಲಸ ಸೀಟಿ ಹಿಡಿದ ಒಬ್ಬ ಮೇಷ್ಟರದು, ಸ್ಕೂಟರ್ ಮೇಲೆ ತೂಕಡಿಸುವ ಅಪ್ಪನದು.

ಬೆಂಗಳೂರಿಗೆ ಇದು ಹೊಸತೇನಲ್ಲ. ಬೇರೆಯವರಿಗಾಗಿ ಆಟಗಾರರನ್ನು ಬೆಳೆಸಿ ಕಳಿಸಿದ ಊರು ಇದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಪಡೆಗಳ ತಂಡಗಳೇ ಆಳುತ್ತಿದ್ದ ಆ ಕಪ್ಪಿಗೆ ಕೈಹಾಕಿದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಇಲ್ಲಿಯವರೇ. ಆಮೇಲೆ ಈಸ್ಟ್ ಬೆಂಗಾಲಿಗೆ ಆಡಿ, ಆ ಕ್ಲಬ್ಬಿನ 'ಪಂಚ ಪಾಂಡವ'ರಲ್ಲಿ ಇಬ್ಬರಾಗಿ ಕಲ್ಕತ್ತದವರ ಮನೆಮಾತಾದರು. ಭಾರತ ನಾಲ್ಕನೆಯ ಸ್ಥಾನಕ್ಕೇರಿದ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಮೈಸೂರು ರಾಜ್ಯದ ಕೆಂಪಯ್ಯ ಆಡಿದರು, ಮೋಹನ್ ಬಾಗಾನಿನಲ್ಲಿ ಹೆಸರು ಮಾಡಿದರು. ಕೆಂಪಯ್ಯ ಎಂಬ ಹೆಸರನ್ನು ಬಂಗಾಳಿ ನಾಲಗೆಗಳು ಎಷ್ಟು ಬಗೆಯಲ್ಲಿ ಕೂಗಿರಬಹುದು ಎಂದು ಯೋಚಿಸಿದಾಗಲೆಲ್ಲ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಬೀದಿಗಳು ಅವರನ್ನೆಲ್ಲ ಕಂಡರಿಸಿದವು. ಆ ಕಂಡರಣೆಯ ಕೂಲಿ ಮಾತ್ರ ಬೀದಿಗಳಿಗೆ ಬರಲಿಲ್ಲ.

ಹೊಸ ಕಾಲದಲ್ಲೂ ಹಾಗೆಯೇ. 2017ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ 17ರ ವಯೋಮಿತಿಯ ವಿಶ್ವಕಪ್ ಪಂದ್ಯ. ಕೊಲಂಬಿಯಾ ವಿರುದ್ಧ ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದ ಗೋಲು ಫಿಫಾ ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಗೋಲು. ಆ ಕಾರ್ನರ್ ಒದ್ದದ್ದು ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್. ಆದರೆ ಅವನು ಪಳಗಿದ್ದು ಚಂಡೀಗಢದ ಅಕಾಡೆಮಿಯಲ್ಲಿ. ಇಲ್ಲೇ ಉಳಿದು ಬೆಳೆದವರು ಇಲ್ಲವೆಂದಲ್ಲ. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು ಐಎಸ್‌ಎಲ್‌ಗೆ ಕಾಲಿಟ್ಟ ದಿನವೇ ಪಂದ್ಯದ ಏಕೈಕ ಗೋಲು ಹೊಡೆದ ಹತ್ತೊಂಬತ್ತರ ವಿನೀತ್ ವೆಂಕಟೇಶ್ ನಮ್ಮೂರಿನವನೇ, ಬೆಂಗಳೂರು ಎಫ್‌ಸಿ ಯುವ ತಂಡದಿಂದ ಮೇಲೆ ಬಂದವನು. ಆ ರಾತ್ರಿ ಹುಳಿಮಾವಿನ ಮಕ್ಕಳು ಮಲಗಲೇ ಇಲ್ಲ ಎಂದು ಅವರ ಅಮ್ಮಂದಿರು ಹೇಳಿದರು.

ಇನ್ನೊಂದು ಗೆಲುವನ್ನು ನಾವು ಬೇಗ ಮರೆತೆವು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯವೆಂಬ ಹೆಸರಿನಲ್ಲಿ ಕೊನೆಯ ಸಲ ಗೆದ್ದು 54 ವರ್ಷಗಳಾಗಿದ್ದವು. ಟಿವಿಯವರು ತಿರುಗಿಯೂ ನೋಡದ ನಗರದ ಲೀಗಿನಲ್ಲಿ ವಾರವಾರ ಆಡಿ ಹದವಾದ ಕಾಲುಗಳ ಗೆಲುವು ಅದು. ಹೊಳೆಯುವ ಲೀಗಷ್ಟೇ ಆಟಗಾರನನ್ನು ಬೆಳೆಸುತ್ತದೆ ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಆ ರಾತ್ರಿಯೂ ಒಂದು ಕಾರಣ.

ಬೆಳೆಸುವುದು ಎಂದರೆ ಪಂದ್ಯ ಆಡಿಸುವುದು, ಪೂರ್ತಿ ಅಳತೆಯ ಮೈದಾನದಲ್ಲಿ. ಹನ್ನೊಂದು ಜನರ ಆಟಕ್ಕೆ 105 ಮೀಟರ್ ಉದ್ದ, 68 ಮೀಟರ್ ಅಗಲ ಬೇಕು, ಅಂದರೆ ಒಂದೂಮುಕ್ಕಾಲು ಎಕರೆ. ದಕ್ಷಿಣ ಬೆಂಗಳೂರಿನಲ್ಲಿ ಅಷ್ಟು ಜಾಗ ಎಲ್ಲಿದೆ? ಬಿಟಿಎಂನಿಂದ ಹುಳಿಮಾವಿನವರೆಗೆ ಇರುವುದೆಲ್ಲ ಐವರು, ಏಳು ಜನ ಆಡುವ ಟರ್ಫುಗಳು. ಗಂಟೆಗೆ ಸಾವಿರಕ್ಕೂ ಹೆಚ್ಚು ಬಾಡಿಗೆ. ಅಲ್ಲಿ ಬೆಳೆದ ಹುಡುಗನಿಗೆ ಚೆಂಡು ಕಾಲಿಗೆ ಅಂಟಿಕೊಳ್ಳುತ್ತದೆ ನಿಜ. ದೊಡ್ಡ ಮೈದಾನಕ್ಕೆ ಬಿಟ್ಟ ದಿನ ಅವನು ದಿಕ್ಕು ತಪ್ಪುತ್ತಾನೆ. ನಲವತ್ತು ಮೀಟರ್ ದೂರದ ಜೊತೆಗಾರ ಅವನ ಕಣ್ಣಿಗೇ ಬೀಳುವುದಿಲ್ಲ, ಏಕೆಂದರೆ ಅಷ್ಟು ದೂರ ಅವನು ಯಾವತ್ತೂ ನೋಡಿಲ್ಲ. ಪೂರ್ತಿ ಅಳತೆಯ ಮೈದಾನದಲ್ಲಿ ಒಂದೂವರೆ ಗಂಟೆ ಆಡಬೇಕೆಂದರೆ ಅಶೋಕನಗರದ ಕಡೆಗೋ ಊರಾಚೆಗೋ ಹೋಗಬೇಕು. ಸಿಲ್ಕ್‌ಬೋರ್ಡಿನ ಕಡೆಯಿಂದಲೋ ಡೇರಿ ಸರ್ಕಲ್ ಮೇಲೆಯೋ ಎಂದು ಲೆಕ್ಕ ಹಾಕುವಷ್ಟರಲ್ಲಿ ಪಂದ್ಯದ ಮೊದಲರ್ಧ ಮುಗಿದಿರುತ್ತದೆ.

ಆದ್ದರಿಂದಲೇ ಯಾವ ಲೀಗು ದೊಡ್ಡದು ಎಂಬ ಪ್ರಶ್ನೆಯನ್ನು ತಂದೆತಾಯಿಯರು ಕೈಬಿಡಬೇಕು ಎಂದು ನಾನು ಹಟ ಹಿಡಿದು ಹೇಳುತ್ತೇನೆ. ಕೇಳಬೇಕಾದದ್ದು ಬೇರೆ. ಹೋದ ಸೀಸನ್ನಿನಲ್ಲಿ ಬೆಂಚಿನ ಮೇಲೆ ಕುಳಿತ ಹುಡುಗರಿಗೆ ಎಷ್ಟು ಪಂದ್ಯ ಸಿಕ್ಕಿತು? ಬಿಟ್ಟು ಹೋಗುತ್ತೇನೆ ಎಂದವನಿಗೆ ಎನ್‌ಒಸಿ ಎಷ್ಟು ದಿನದಲ್ಲಿ ಕೊಟ್ಟಿರಿ? ಹತ್ತನೇ ಕ್ಲಾಸಿನ ಪರೀಕ್ಷೆಗೆ ಏನು ಏರ್ಪಾಡು? ಎನ್‌ಒಸಿಯ ಮಾತು ಸುಮ್ಮನೆ ಎತ್ತಲಿಲ್ಲ. ನನಗೆ ಗೊತ್ತಿರುವ ಹುಡುಗನೊಬ್ಬ ಕ್ಲಬ್ ಬದಲಿಸಲು ಹೊರಟಾಗ ಹಳೆಯ ಕ್ಲಬ್ಬಿನವರು ನಾಳೆ ನಾಡಿದ್ದು ಎನ್ನುತ್ತಲೇ ನೋಂದಣಿಯ ಗಡುವು ದಾಟಿಸಿಬಿಟ್ಟರು. ಒಂದು ಇಡೀ ಸೀಸನ್ ಅವನು ಬೇಲಿಯ ಹೊರಗೆ ನಿಂತು ನೋಡಿದ. ಹದಿನಾರನೇ ವಯಸ್ಸಿನ ಒಂದು ವರ್ಷ ಆಮೇಲೆ ಯಾರಿಂದಲೂ ವಾಪಸ್ ಸಿಗುವುದಿಲ್ಲ. ಈಗ ಅವನು ಆಡುವುದನ್ನೇ ಬಿಟ್ಟಿದ್ದಾನೆ.

ಬೆಳೆಸಿದವರಿಗೆ ಕೂಲಿ ಸಿಗಲೆಂದು ಫಿಫಾದಲ್ಲಿ ನಿಯಮವೇನೋ ಇದೆ. ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ಮಾರಾಟವಾದರೆ, ಆ ಹಣದ ಶೇ 5ರಷ್ಟನ್ನು ಅವನನ್ನು 12ರಿಂದ 23ರ ವಯಸ್ಸಿನವರೆಗೆ ಪಳಗಿಸಿದ ಕ್ಲಬ್ಬುಗಳಿಗೆ ಹಂಚಬೇಕು. 12ರಿಂದ 15ರ ವಯಸ್ಸಿಗೆ ವರ್ಷಕ್ಕೆ ಶೇ 0.25, ಆಮೇಲೆ ವರ್ಷಕ್ಕೆ ಶೇ 0.5. ಒಂದು ಕೋಟಿಯ ವ್ಯವಹಾರವಾದರೆ ಆ ಮೊದಲ ನಾಲ್ಕು ವರ್ಷ ಆಡಿಸಿದ ಪುಟ್ಟ ಕ್ಲಬ್ಬಿಗೆ ಒಂದು ಲಕ್ಷ. ಒಂದು ವರ್ಷದ ಚೆಂಡು, ಬಲೆ, ಬಾಡಿಗೆಗೆ ಒಂದಿಷ್ಟು ಆಸರೆ. ಆದರೆ ಆ ಕ್ಲಬ್ಬು ನೋಂದಣಿಯಾಗಿರಬೇಕು, ಹುಡುಗನ ಹೆಸರು ಅದರ ಪಟ್ಟಿಯಲ್ಲಿರಬೇಕು. ಹುಳಿಮಾವಿನ ಸೀಟಿಯ ಮೇಷ್ಟರಿಗೆ ಕ್ಲಬ್ಬೇ ಇಲ್ಲ. ಏಳರಿಂದ ಹನ್ನೊಂದರವರೆಗಿನ ವರ್ಷಗಳಂತೂ ಯಾವ ಲೆಕ್ಕಕ್ಕೂ ಬರುವುದಿಲ್ಲ. ಎಡಗಾಲು ಎಡಗಾಲಾಗುವುದು ಆ ವರ್ಷಗಳಲ್ಲೇ.

ದೊಡ್ಡ ಲೀಗುಗಳ ನೆಲವೂ ಗಟ್ಟಿಯೇನಲ್ಲ. 15 ವರ್ಷದ ಆ ಒಪ್ಪಂದ ಮುಗಿಯುವ ಹೊತ್ತಿಗೆ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಎಂಬುದೇ ಅನುಮಾನವಾಗಿ, 2025ರ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಯುವ ತಂಡಗಳನ್ನೂ ಮಕ್ಕಳ ತರಬೇತಿ ಶಾಲೆಗಳನ್ನೂ ಮುಟ್ಟುವುದಿಲ್ಲ ಎಂದು ಆಗಲೇ ಹೇಳಿತು. ಅದು ಸಣ್ಣ ಮಾತಲ್ಲ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೂ ಆ ವಾರ ಟರ್ಫಿನ ಹೊರಗೆ ಅಪ್ಪಂದಿರ ಮುಖ ಬಾಡಿತ್ತು.

ಪಕ್ಕದ ಮನೆಯವರು ಕೊನೆಗೆ ಎರಡೂ ಕಡೆಗೆ ಫೋನ್ ಮಾಡಿ ಬೆಂಚಿನ ಹುಡುಗರ ಲೆಕ್ಕ ಕೇಳಿದರು. ಒಬ್ಬರು "ಆಮೇಲೆ ಹೇಳ್ತೀವಿ" ಎಂದರು. ಇನ್ನೊಬ್ಬರು ಯೋಚಿಸಿ, "ಎಲ್ಲರಿಗೂ ಕನಿಷ್ಠ ಆರು ಪಂದ್ಯ" ಎಂದರು. ಆರು ಪಂದ್ಯದವರ ಅರ್ಜಿ ಬಂತು. ಶನಿವಾರ ರಾತ್ರಿ ಅಂಗಡಿ ಮುಚ್ಚಿ ಬಂದು ನಮ್ಮ ಮನೆಯ ಊಟದ ಮೇಜಿನ ಮೇಲೆ ತುಂಬಿಸಲು ಕುಳಿತರು. ಹೆಸರು, ಹುಟ್ಟಿದ ದಿನಾಂಕ, ಜನನ ಪ್ರಮಾಣಪತ್ರದ ಜೆರಾಕ್ಸ್, ಆಧಾರ್, ಯಾವ ಕಾಲು. 'ಹಿಂದಿನ ಕ್ಲಬ್' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

"ಏನು ಬರೀಲಿ ಸಾರ್? ಇಲ್ಲ ಅಂತ ಬರೀಲಾ?"

ಹುಡುಗ ಅಪ್ಪನ ಕೈಯಿಂದ ಪೆನ್ನು ತೆಗೆದುಕೊಂಡ. ಆ ಪುಟ್ಟ ಚೌಕದಲ್ಲಿ, ಅಕ್ಷರಗಳು ಗೆರೆ ದಾಟಿ ಹೊರಗೆ ಚಾಚಿದರೂ ಬಿಡದೆ, ಮೇಷ್ಟರ ಪೂರ್ತಿ ಹೆಸರು ಬರೆದ. ಕೆಳಗೆ 'ಹುಳಿಮಾವು, 7 ವರ್ಷ' ಎಂದು ಸೇರಿಸಿದ.