ಹುಳಿಬಾರದ ಅಪ್ಪ

ಇಡ್ಲಿ–ದೋಸೆ ಹಿಟ್ಟನ್ನು ಪೊಟ್ಟಣ ಕಟ್ಟಿ ಊರೂರಿಗೆ ಮಾರುವ ಐಡಿ ಫ್ರೆಶ್ ಕಂಪನಿ 2005ರಲ್ಲಿ ಶುರುವಾದದ್ದು ಬೆಂಗಳೂರಿನ ಇಂದಿರಾನಗರದ ಮಗ್ಗುಲಿನ ತಿಪ್ಪಸಂದ್ರದ ಪುಟ್ಟ ಅಡುಗೆಮನೆಯಲ್ಲಿ. ಹುಳಿ ಹಿಟ್ಟಿಗೆ ಇಷ್ಟು ಹೆಸರಾದ ಈ ಕಡೆಯೇ ಕೆಲವು ಮನೆಗಳಲ್ಲಿ ವರ್ಷಕ್ಕೊಂದು ಸಂಜೆ ಅದೇ ಅಕ್ಕಿ, ಅದೇ ಉದ್ದು ಒಲೆ ಏರುತ್ತವೆ. ಹಿಟ್ಟು ಮಾತ್ರ ಹುಳಿಯುವಂತಿಲ್ಲ.

ಅದು ಈಸ್ಟರಿಗೆ ಮೊದಲಿನ ಗುರುವಾರ. ಕೇರಳ ಮೂಲದ ಸುರಿಯಾನಿ ಕ್ರೈಸ್ತರಿಗೆ ‘ಪೆಸಹಾ’. ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳ ಕೆಲಸಕ್ಕೆಂದು ಬಂದು ನಗರದ ಪೂರ್ವಭಾಗದಲ್ಲಿ ನೆಲೆನಿಂತ ಮಲಯಾಳಿ ಕುಟುಂಬಗಳ ಜೊತೆ ಈ ಹಬ್ಬವೂ ಬಂತು. ಇದರ ಬೇರು ಯಹೂದಿಗಳ ಪಸ್ಕ ಹಬ್ಬದಲ್ಲಿದೆ. ಈಜಿಪ್ಟಿನ ದಾಸ್ಯದಿಂದ ಹೊರಟವರಿಗೆ ಹಿಟ್ಟು ಹುಳಿಯುವಷ್ಟು ಪುರುಸೊತ್ತಿರಲಿಲ್ಲ ಎಂಬುದು ಬೈಬಲಿನ ಕಥೆ. ಇಂದಿಗೂ ಯಹೂದಿಗಳು ಗೋಧಿ ಹಿಟ್ಟಿಗೆ ನೀರು ತಾಗಿದ 18 ನಿಮಿಷದೊಳಗೆ ಆ ಹಬ್ಬದ ರೊಟ್ಟಿ ಬೇಯಿಸಿ ಮುಗಿಸಬೇಕು. ಯೇಸುವಿನ ಕಡೆಯ ಭೋಜನವೂ ಇದೇ ಹಬ್ಬದ ಹೊತ್ತಿನದು. ಗೋಧಿಯ ಆ ರೊಟ್ಟಿ ಕೇರಳಕ್ಕೆ ಬಂದು ಅಕ್ಕಿಯ ‘ಅಪ್ಪ’ವಾಯಿತು.

ಹುರಿದ ಅಕ್ಕಿಹಿಟ್ಟಿಗೆ ನೆನೆಸಿ ರುಬ್ಬಿದ ಉದ್ದಿನಬೇಳೆ, ತೆಂಗಿನತುರಿ, ಜೀರಿಗೆ, ಸಾಂಬಾರ್ ಈರುಳ್ಳಿ, ಒಂದೆರಡು ಎಸಳು ಬೆಳ್ಳುಳ್ಳಿ. ಕಲಸಿದ್ದೇ ತಡ, ತಟ್ಟೆಗೆ ಸುರಿದು, ಗರಿಗಳ ಭಾನುವಾರ ಚರ್ಚಿನಿಂದ ತಂದ ಎಳೆಯ ತೆಂಗಿನ ಗರಿಯಲ್ಲಿ ಮೇಲೊಂದು ಶಿಲುಬೆ ಇಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಇಡ್ಲಿ ಪಾತ್ರೆಯೇ ಸಾಕು. ಆದರೆ ಇಡ್ಲಿಯ ಮೃದುತ್ವ ಬಯಸಿ ಬಾಯಿಗಿಟ್ಟರೆ ನಿರಾಸೆ ಖಂಡಿತ. ಇದು ಗಟ್ಟಿ, ತುಸು ಜಿಗುಟು. ಅದರ ಸೊಗಸೆಲ್ಲ ಜೀರಿಗೆ–ಈರುಳ್ಳಿಯ ಘಮದಲ್ಲಿ.

ಜೊತೆಗೆ ‘ಪೆಸಹಾ ಪಾಲ್’: ತೆಳು ಕಾಯಿಹಾಲಿನಲ್ಲಿ ಬೆಲ್ಲ ಕರಗಿಸಿ, ಚೂರು ಅಕ್ಕಿಹಿಟ್ಟು ಕದಡಿ ಕುದಿಸಿ, ಕಡೆಗೆ ಗಟ್ಟಿ ಹಾಲು, ಏಲಕ್ಕಿ, ಒಣಶುಂಠಿ. ಒತ್ತುಶಾವಿಗೆಗೆ ಕಾಯಿಹಾಲು ಸುರಿದುಕೊಳ್ಳುವ ನಮ್ಮ ನಾಲಿಗೆಗೆ ಇದೇನೂ ಹೊಸದಲ್ಲ. ಅಪ್ಪವನ್ನು ಇದರಲ್ಲಿ ಅದ್ದಿದ ಮೇಲೆಯೇ ಎರಡಕ್ಕೂ ಅರ್ಥ ಬರುವುದು.

ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ದೀಪ ಹಚ್ಚಿ, ಪ್ರಾರ್ಥಿಸಿ, ಬೈಬಲ್ ಓದುತ್ತಾರೆ. ಮನೆಯ ಹಿರಿಯ, ಸಾಮಾನ್ಯವಾಗಿ ‘ಅಪ್ಪಚ್ಚನ್’, ಅಪ್ಪ ಮುರಿದು ವಯಸ್ಸಿನ ಕ್ರಮದಲ್ಲಿ ಹಂಚುತ್ತಾರೆ. ಚೂರೂ ನೆಲಕ್ಕೆ ಬೀಳದಂತೆ ಎಚ್ಚರ. ಪಾದ್ರಿ ಇಲ್ಲದೆ ಮನೆಯವರೇ ನಡೆಸುವ ಈ ವಿಧಿ ನನಗೆ ಅಂದೇ ಚರ್ಚಿನಲ್ಲಿ ನಡೆಯುವ ಪಾದ ತೊಳೆಯುವ ವಿಧಿಗಿಂತಲೂ ಹತ್ತಿರದ್ದೆನಿಸುತ್ತದೆ. ಶಿಲುಬೆಯ ಅಪ್ಪ ಮನೆಯವರಿಗಷ್ಟೇ. ಹೊರಗಿನವರಿಗೆಂದು ಶಿಲುಬೆಯಿಲ್ಲದ್ದನ್ನು ಬೇರೆ ಮಾಡುವ ಮನೆಗಳೂ ಉಂಟು.

ಆ ವರ್ಷ ಸಾವು ಸಂಭವಿಸಿದ ಮನೆಯಲ್ಲಿ ಅಪ್ಪ ಬೇಯಿಸುವುದಿಲ್ಲ. ಹಾಗೆಂದು ಅವರು ಹಬ್ಬ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ನೆಂಟರೋ ನೆರೆಯವರೋ ತಮ್ಮ ಮನೆಯಲ್ಲಿ ಒಂದು ತಟ್ಟೆ ಹೆಚ್ಚಿಗೆ ಬೇಯಿಸಿ, ಹಾಲನ್ನೂ ಜೊತೆಗಿಟ್ಟು ತಲುಪಿಸುತ್ತಾರೆ.