ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ



ನೊಗ ತಾಗಿಯೋ ಕಾಲುಜಾರಿ ಬಿದ್ದೋ ಮೈ ನೀಲಿಗಟ್ಟುವುದು ಭಾಲ್ಕಿ, ಔರಾದ ಸೀಮೆಯ ಒಕ್ಕಲುಮಕ್ಕಳಿಗೆ ಹೊಸತಲ್ಲ. ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳು ಒಡೆದು ನೆತ್ತರು ಅಲ್ಲಿಯೇ ನಿಲ್ಲುವುದರಿಂದ ಈ ಕಲೆ ಉಂಟಾಗುತ್ತದೆ. ಅದು ಹಸಿರು, ಹಳದಿ ಬಣ್ಣಕ್ಕೆ ತಿರುಗಿ ಸಾಮಾನ್ಯವಾಗಿ 2 ವಾರಗಳಲ್ಲಿ ಮಾಯುತ್ತದೆ. ಮೊದಲ 2 ದಿನ ತಣ್ಣೀರ ಬಟ್ಟೆಯಿಡಬೇಕು. ಬಿಸಿ ಎಣ್ಣೆ ಹಚ್ಚಿ ತಿಕ್ಕಬಾರದು.

ಪೆಟ್ಟಿಲ್ಲದೆ ಕಲೆ ಮೂಡಿದರೆ ಕಾರಣ ಹುಡುಕಬೇಕು. ವೃದ್ಧರ ಚರ್ಮ ತೆಳುವಾಗಿರುವುದರಿಂದ ಸಣ್ಣ ತಾಗುವಿಕೆಯೂ ಸಾಕು. ಹೃದ್ರೋಗಿಗಳು ಸೇವಿಸುವ ಆಸ್ಪಿರಿನ್, ವಾರ್ಫರಿನ್ ಮಾತ್ರೆಗಳಿಂದಲೂ ಹೀಗಾಗುತ್ತದೆ. ಆದರೆ ಅವುಗಳನ್ನು ತಾವಾಗಿಯೇ ನಿಲ್ಲಿಸುವುದು ಪ್ರಾಣಾಪಾಯ. ಜೊತೆಗೆ ಗಿಡಮೂಲಿಕೆ ಸೇವಿಸುತ್ತಿದ್ದರೆ ವೈದ್ಯರಿಗೆ ಮರೆಮಾಚಬಾರದು. ಕೆಲವು ಮೂಲಿಕೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಒತ್ತಿ ಹೇಳುತ್ತೇವೆ.

ಜ್ವರದೊಡನೆ ಕೆಂಪು ಚುಕ್ಕೆಗಳು ಕಂಡರೆ ಡೆಂಗಿಯಿರಬಹುದು. ಒಸಡು, ಮೂಗು, ಮಲಮೂತ್ರಗಳಲ್ಲಿ ರಕ್ತ ಕಂಡರೆ, ಮಗುವಿನ ಕೀಲು ಪದೇಪದೇ ಊದಿಕೊಂಡರೆ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರ ತಲೆಗೆ ಪೆಟ್ಟಾದರೆ ಮನೆಮದ್ದಿಗೆ ಕಾಯದೆ ಅಂದೇ ತಾಲೂಕು ಆಸ್ಪತ್ರೆಗೋ ಬೀದರಿನ ಬ್ರಿಮ್ಸ್‌ಗೋ ಹೋಗಬೇಕು. ಪ್ಲೇಟ್‌ಲೆಟ್ ಎಣಿಕೆಯಂತಹ ಸರಳ ರಕ್ತಪರೀಕ್ಷೆಯಿಂದಲೇ ಎಷ್ಟೋ ಕಾರಣಗಳ ಸುಳಿವು ಸಿಗುತ್ತದೆ. ನೋವಿಲ್ಲವೆಂದು ಕಲೆಯನ್ನು ಕಡೆಗಣಿಸದಿರಿ.