ಫಿಲೋಮಿನಾ: ಕತೆಯ ಹುಡುಗಿ, ಸಮಾಧಿಯ ಹುಡುಗಿ

ನಿಂಬರ್ಗಾ, ಆಳಂದದ ಕಡೆಯಿಂದ ಮೈಸೂರಿಗೆ ಪ್ರವಾಸ ಹೋದವರು ಅರಮನೆ, ಚಾಮುಂಡಿಬೆಟ್ಟ ಮುಗಿಸಿಕೊಂಡು ಫಿಲೋಮಿನಾ ಚರ್ಚನ್ನೂ ನೋಡಿ ಬರುವುದುಂಟು. ಪೀಠದ ಕೆಳಗಿನ ನೆಲಮಾಳಿಗೆಗೆ ಇಳಿದರೆ ಮಲಗಿದ ಹುಡುಗಿಯೊಬ್ಬಳ ಪ್ರತಿಮೆ. ಯಾರಿವಳು ಎಂದು ಕೇಳಿದರೆ ಸಿಗುವ ಕತೆ ಇದು: ಗ್ರೀಸಿನ ರಾಜಕುಮಾರಿ, ಇನ್ನೂ ಹದಿಮೂರು ವರ್ಷ. ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ ಮದುವೆಯಾಗು ಎಂದ, ಇವಳು ಒಲ್ಲೆ ಎಂದಳು. ಕೊರಳಿಗೆ ಲಂಗರು ಕಟ್ಟಿ ಟೈಬರ್ ನದಿಗೆ ಎಸೆದರು, ಬಾಣ ಬಿಟ್ಟರು. ಯಾವುದಕ್ಕೂ ಸಾಯದಿದ್ದಾಗ ತಲೆ ಕಡಿದರು.

ತಪ್ಪು ಕಲ್ಪನೆ: ಇದು 1,700 ವರ್ಷದಿಂದ ಹೇಳಿಕೊಂಡು ಬಂದ ಕತೆ.

ಅಲ್ಲ. 1802ರ ಮೇ ತಿಂಗಳವರೆಗೆ ಈ ಸಂತಳ ಬಗ್ಗೆ ಯಾರೂ ಕೇಳಿರಲಿಲ್ಲ. ಆಗ ರೋಮಿನ ಪ್ರಿಸಿಲ್ಲಾ ನೆಲಮಾಳಿಗೆ ಸ್ಮಶಾನದಲ್ಲಿ ಮೂರು ಹೆಂಚು ಮುಚ್ಚಿದ ಗೂಡೊಂದು ಸಿಕ್ಕಿತು. ಒಳಗೆ ಎಳೆಯ ಹುಡುಗಿಯ ಮೂಳೆಗಳಿದ್ದವು. 1805ರಲ್ಲಿ ಅವು ಇಟಲಿಯ ಮುನ್ಯಾನೊ ಊರಿಗೆ ಹೋದವು. ರಾಜಕುಮಾರಿಯ ಕತೆ ಬಂದದ್ದು ಇನ್ನೂ ತಡವಾಗಿ, 1833ರಲ್ಲಿ. ಮರಿಯಾ ಲೂಯಿಸಾ ಎಂಬ ಸನ್ಯಾಸಿನಿ, ಸಂತಳೇ ತನಗೆ ತಿಳಿಸಿದಳೆಂದು ಹೇಳಿದರು. ಅವರ ಭಕ್ತಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಇತಿಹಾಸ ಈ ಕತೆಯನ್ನು ಒಪ್ಪದು. ಗ್ರೀಸ್ ಕ್ರಿ.ಪೂ. 146ರಿಂದಲೇ ರೋಮಿನ ಕೈಕೆಳಗಿತ್ತು, ಡಯೊಕ್ಲೀಷಿಯನ್ನನ ಕಾಲಕ್ಕೆ ಅಲ್ಲಿ ಆಳುವ ರಾಜರೇ ಉಳಿದಿರಲಿಲ್ಲ. ಅವನ ಆಸ್ಥಾನವಿದ್ದದ್ದು ನಿಕೋಮೀಡಿಯಾದಲ್ಲಿ, ರೋಮಿಗೆ ಬಂದದ್ದೇ ಅಪರೂಪ. ಮನೆಯಲ್ಲಿ ಪ್ರಿಸ್ಕಾ ಎಂಬ ಹೆಂಡತಿಯೂ ಇದ್ದಳು.

ತಪ್ಪು ಕಲ್ಪನೆ: ಸಮಾಧಿಯ ಮೇಲಿನ ಲಂಗರು, ಬಾಣಗಳೇ ಅವಳ ಹಿಂಸೆಗೆ ಸಾಕ್ಷಿ.

ಹೆಂಚುಗಳ ಮೇಲೆ ಇವೆಲ್ಲ ಬರೆದಿದ್ದು ನಿಜ. ಆದರೆ ಲಂಗರು ಆದಿ ಕ್ರೈಸ್ತರ ಗೋರಿಗಳಲ್ಲಿ ಬೇಕಾದಷ್ಟು ಕಾಣುತ್ತದೆ, ಅದು ಭರವಸೆಯ ಗುರುತು. ಚಿತ್ರ ಮೊದಲು, ಅದರಿಂದ ಕತೆ ಹುಟ್ಟಿದ್ದು ಆಮೇಲೆ. ಪಕ್ಕದಲ್ಲಿದ್ದ ಗಾಜಿನ ಕುಪ್ಪಿಯಲ್ಲಿ ರಕ್ತಸಾಕ್ಷಿಯ, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವಳ, ರಕ್ತವಿದೆಯೆಂದು ಆಗ ನಂಬಿದರು. ಇಂಥ ಕುಪ್ಪಿಗಳಲ್ಲಿ ಇರುತ್ತಿದ್ದದ್ದು ಸುಗಂಧದ್ರವ್ಯ ಎಂಬುದು ನಂತರದ ವಿದ್ವಾಂಸರ ಅಭಿಪ್ರಾಯ.

ಹೆಂಚುಗಳ ಜೋಡಣೆಯಲ್ಲೂ ತೊಡಕಿದೆ. ಇದ್ದ ಹಾಗೆ ಓದಿದರೆ ‘ಲುಮೆನಾ – ಪಾಕ್ಸ್ ತೆ – ಕುಮ್ ಫಿ’. ಮೊದಲ ಹೆಂಚನ್ನು ಕೊನೆಗಿಟ್ಟರೆ ಮಾತ್ರ ‘ನಿನಗೆ ಶಾಂತಿ, ಫಿಲುಮೆನಾ’ ಎಂದಾಗುತ್ತದೆ. ಪುರಾತತ್ವಜ್ಞ ಒರಾಜಿಯೊ ಮರೂಕ್ಕಿ 1904ರಲ್ಲಿ ಇದಕ್ಕೆ ಉತ್ತರ ಕೊಟ್ಟ. ಹಳೆಯ ಗೋರಿಯೊಂದರ ಹೆಂಚುಗಳನ್ನು ತಂದು ನಾಲ್ಕನೇ ಶತಮಾನದಲ್ಲಿ ಬೇರೊಬ್ಬಳ ಗೋರಿಗೆ ಮುಚ್ಚಿದ್ದಾರೆ, ಹಳೆಯ ಹೆಸರು ಹೊಸ ಗೋರಿಗೆ ಸಲ್ಲಬಾರದೆಂದೇ ಕ್ರಮ ತಪ್ಪಿಸಿದ್ದಾರೆ ಎಂದ. ಆ ಮಾತು ಸರಿಯಾದರೆ ಆ ಎಳೆಯ ಹುಡುಗಿಯ ಹೆಸರು ಫಿಲೋಮಿನಾ ಅಲ್ಲವೇ ಅಲ್ಲ. ನನ್ನ ಮನಸ್ಸು ನಿಲ್ಲುವುದು ಅಲ್ಲಿ. ಕೋಟಿ ಜನ ಬೇರೆ ಹೆಸರಿನಿಂದ ಕರೆದ ಆ ಮಗು ಯಾವ ತಾಯಿಯದೋ!

ತಪ್ಪು ಕಲ್ಪನೆ: ರೋಮ್ ಅವಳನ್ನು ತಳ್ಳಿಹಾಕಿತು, ಆದ್ದರಿಂದ ಹರಕೆ ಹೊರುವುದು ತಪ್ಪು.

1961ರ ಫೆಬ್ರುವರಿ 14ರಂದು ರೋಮ್, ಅಂದರೆ ಕಥೋಲಿಕರ ಧರ್ಮಪೀಠ, ಅವಳ ಹಬ್ಬವನ್ನು ಎಲ್ಲ ಪೂಜಾಪಂಚಾಂಗಗಳಿಂದ ತೆಗೆಯಲು ಹೇಳಿತು. ಭಕ್ತರು ಪ್ರಾರ್ಥಿಸಬಾರದೆಂದು ಹೇಳಲಿಲ್ಲ.

ತಪ್ಪು ಕಲ್ಪನೆ: ಮೈಸೂರಿನ ಚರ್ಚು ಬ್ರಿಟಿಷರು ತಂದು ನಿಲ್ಲಿಸಿದ್ದು.

ಆ ಜಾಗದ ಹಳೆಯ ಚರ್ಚು ಕಟ್ಟಿದ್ದು 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬೂ ಚೆಟ್ಟಿಯವರು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಫಿಲೋಮಿನಾಳ ಪವಿತ್ರ ಅವಶೇಷ ಪಡೆದು ತಂದರು. ಈಗಿನ ಕಟ್ಟಡಕ್ಕೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ವಿನ್ಯಾಸಕ್ಕೆ ಮಾದರಿ ಜರ್ಮನಿಯ ಕೊಲೋನ್ ಚರ್ಚು. ಅವಳಿ ಗೋಪುರಗಳ ಎತ್ತರ 175 ಅಡಿ.

ತಪ್ಪು ಕಲ್ಪನೆ: ಹಾಗಾದರೆ ಆದಿ ಕ್ರೈಸ್ತ ವೀರಮಹಿಳೆಯರ ಕತೆಗಳೆಲ್ಲ ಕಟ್ಟುಕತೆ.

ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಕುಲೀನ ಕನ್ಯೆ, ಅಧಿಕಾರಸ್ಥನ ಮೋಹ, ಸಾಲುಸಾಲು ಹಿಂಸೆ, ಕೊನೆಗೆ ಕತ್ತಿ ಎಂಬ ಅಚ್ಚಿನಲ್ಲಿ ಹಲವು ಕತೆಗಳನ್ನು ಎರೆದರು, ನಿಜ. ಆದರೆ ಕಾರ್ತೇಜ್ ಪಟ್ಟಣದ ಪೆರ್ಪೆತುವಾ ಜೈಲಿನಲ್ಲಿ ತಾನೇ ಬರೆದದ್ದು ನಮಗೆ ಸಿಕ್ಕಿದೆ. ವಯಸ್ಸು 22, ತೊಡೆಯ ಮೇಲೆ ಹಾಲುಗೂಸು. ನಂಬಿಕೆ ಬಿಡು ಎಂದು ಅಪ್ಪ ಕಾಲಿಗೆ ಬಿದ್ದದ್ದು, ಕತ್ತಲ ಕೋಣೆಯ ಸೆಕೆ, ಕೂಸಿನ ಚಿಂತೆ ಎಲ್ಲವನ್ನೂ ಅವಳು ಬರೆದಿದ್ದಾಳೆ. ಅವಳ ಜೊತೆಗಿದ್ದ ಫೆಲಿಸಿಟಿ ದಾಸಿ, ತುಂಬು ಗರ್ಭಿಣಿ. ಎಂಟನೇ ತಿಂಗಳಲ್ಲಿ ಜೈಲಿನಲ್ಲೇ ಹೆಣ್ಣುಮಗು ಹೆತ್ತಳು, ಆ ಮಗುವನ್ನು ಕ್ರೈಸ್ತ ಹೆಂಗಸೊಬ್ಬಳು ಸಾಕಿಕೊಂಡಳು. 203ರ ಮಾರ್ಚ್ 7ರಂದು ಇಬ್ಬರನ್ನೂ ಅಖಾಡಕ್ಕೆ ತಳ್ಳಿ ಕೊಂದರು. ಇವರಿಬ್ಬರ ಕತೆಯಲ್ಲಿ ಚಕ್ರವರ್ತಿಯ ಮದುವೆ ಮಾತೂ ಇಲ್ಲ, ಕನ್ಯೆಯೂ ಇಲ್ಲ. ಇರುವವರು ಇಬ್ಬರು ತಾಯಂದಿರು.

ಕಥೋಲಿಕ ಬಲಿಪೂಜೆಯ ಹಳೆಯ ರೋಮನ್ ಪ್ರಾರ್ಥನೆಯಲ್ಲಿ ಅಗಾಥಾ, ಲೂಸಿ, ಆಗ್ನೆಸ್, ಸಿಸಿಲಿಯಾ, ಅನಸ್ತಾಸಿಯಾ ಅವರೊಂದಿಗೆ ಈ ಇಬ್ಬರ ಹೆಸರನ್ನೂ ಇಂದಿಗೂ ಹೇಳುತ್ತಾರೆ. ಅಲ್ಲಿ ದಾಸಿಯ ಹೆಸರು ಒಡತಿಯ ವರ್ಗದವಳ ಹೆಸರಿಗಿಂತ ಮೊದಲು ಬರುತ್ತದೆ.